ಚೀ ಓಯ್ ಎಂದರೆ ಅಕ್ಕಾ ಎಂದರ್ಥ

ಹೊರಡುವ ಮುನ್ನ

ನಾನು ವಿಯೆಟ್ನಾಂ ನೋಡಿದ್ದು ಎಣ್ಣೆಯ ದೆಸೆಯಿಂದ. ಅಡುಗೆ ಎಣ್ಣೆ, ಬೇರೆ ಅರ್ಥ ಮಾಡಿಕೊಳ್ಳಬೇಡಿ. ತಿ. ನರಸೀಪುರದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ನನ್ನದೊಂದು ಹೋಟೆಲಿದೆ. ಬೆಳಿಗ್ಗೆ ತಟ್ಟೆ ಇಡ್ಲಿ, ಸೆಟ್ ದೋಸೆ, ಮಧ್ಯಾಹ್ನ ಮುದ್ದೆ ಊಟ. ಮೈಸೂರಿನಲ್ಲಿ ನಾನು ಎಣ್ಣೆ ತರುವ ಡೀಲರು ಹೋಟೆಲಿನವರಿಗೆಂದೇ ಒಂದು ಲಕ್ಕಿ ಡ್ರಾ ಇಟ್ಟಿದ್ದರು. ಅದರಲ್ಲಿ ನನ್ನ ಹೆಸರು ಬಂತು. ಇಬ್ಬರಿಗೆ ಟಿಕೆಟ್ಟು, ಊಟ, ವಸತಿ, ಎಲ್ಲ ಅವರದೇ.

ನನ್ನ ಹೆಂಡತಿ ರತ್ನಮ್ಮ ಬರಲು ಒಪ್ಪಲಿಲ್ಲ. ಇಬ್ಬರೂ ಹೋದರೆ ಹೋಟೆಲಿಗೆ ಬೀಗ ಹಾಕಬೇಕು, ಬೀಗ ಹಾಕಿದ ಹೋಟೆಲಿಗೆ ಗಿರಾಕಿ ಮತ್ತೆ ಬರುವುದಿಲ್ಲ ಎಂದು ಅವಳ ವಾದ. "ಸಿದ್ದರಾಜುನ ಕರ್ಕೊಂಡೋಗಿ" ಎಂದಳು. "ಒಟ್ಟಿಗೆ ಉಂಡು ತಿಂದು ಓಡಾಡ್ಕೊಂಡು ಬನ್ನಿ. ಆಮೇಲೂ ಅವ್ನು ಓಯ್ತೀನಿ ಅಂದ್ರೆ ಓಗ್ಲಿ."

ಈ 'ಓಯ್ತೀನಿ' ಏನೆಂದು ಹೇಳಬೇಕು. ಸಿದ್ದರಾಜು ನನ್ನ ಹೋಟೆಲಿನ ಸಪ್ಲಯರು. ನಂಜನಗೂಡು ತಾಲ್ಲೂಕಿನ ದೇವನೂರಿನವನು. ನಾನು ಹೋಟೆಲು ತೆರೆದ ದಿನದಿಂದ ನನ್ನ ಜೊತೆಗಿದ್ದಾನೆ. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ಇವರಿಗೆ ದೋಸೆಯೋ ಇಡ್ಲಿಯೋ ಎಂದು ಹೇಳಿಬಿಡುತ್ತಾನೆ. ಅಂಥವನಿಗೆ ನಂಜನಗೂಡಿನ ಹತ್ತಿರ, ಊಟಿ ರಸ್ತೆಯಲ್ಲಿ ಹೊಸದಾಗಿ ಎದ್ದಿರುವ ದೊಡ್ಡ ಹೋಟೆಲಿನಿಂದ ಕರೆ ಬಂದಿತ್ತು. ಅಲ್ಲಿ ಕಾರಿನವರು ನಿಲ್ಲಿಸಿ ತಿನ್ನುತ್ತಾರೆ, ಎದ್ದು ಹೋಗುವಾಗ ಟಿಪ್ಸು ಕೊಡುತ್ತಾರೆ. ನನ್ನ ಹೋಟೆಲಿನಲ್ಲಿ ಮಾತ್ರ ಗೋಡೆಯ ಮೇಲೆ ಬೋರ್ಡಿದೆ: 'ಟಿಪ್ಸು ಕೊಡಬಾರದು. ಕೊಟ್ಟರೆ ಸ್ವೀಕರಿಸತಕ್ಕದ್ದಲ್ಲ.'

ಆ ಬೋರ್ಡು ನಾನೇ ಬರೆಸಿದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೈಸೂರಿನ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿ, ಸಪ್ಲಯರಾಗಿ, ದೋಸೆ ಹಾಕಲು ಕಲಿತು, ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತವನು ನಾನು. ಆ ಕಾಲದಲ್ಲಿ ಕೆಲವು ಗಿರಾಕಿಗಳು ಟಿಪ್ಸೆಂದು ಎಂಜಲು ತಟ್ಟೆಯ ಸಾಂಬಾರಿನೊಳಗೇ ನಾಣ್ಯ ಬಿಟ್ಟು ಹೋಗುತ್ತಿದ್ದರು. ಅದನ್ನು ಬೆರಳು ಹಾಕಿ ಹೆಕ್ಕಿ, ತೊಳೆದು ಜೇಬಿಗೆ ಹಾಕಿಕೊಳ್ಳಬೇಕು. ನನ್ನ ಹೋಟೆಲಿನಲ್ಲಿ ಯಾವ ಗಂಡಸೂ ಎಂಜಲಿನಲ್ಲಿ ಕೈಯಾಡಿಸಿ ಕಾಸು ತೆಗೆಯಬಾರದು ಎಂದು ನಾನು ನೇಮ ಮಾಡಿದ್ದೆ. ಸಂಬಳವನ್ನೇ ಸರಿಯಾಗಿ ಕೊಡುತ್ತೇನೆ, ಭಿಕ್ಷೆ ಏಕೆ?

ಸಿದ್ದರಾಜು ಇದನ್ನು ಒಪ್ಪುತ್ತಿರಲಿಲ್ಲ. ಒಂದು ಮಧ್ಯಾಹ್ನ ಬನ್ನೂರಿನ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದರು. ಎದ್ದು ಹೋಗುವಾಗ ಬಾಗಿಲ ಹತ್ತಿರ ಅವನ ಕೈಗೆ ಒಂದು ನೋಟು ಇಟ್ಟರು. ನಾನು ಗಲ್ಲಾದಿಂದಲೇ ಕೂಗಿ ವಾಪಸ್ಸು ಕೊಡಿಸಿದೆ. ಅಂದಿನಿಂದ ಅವನ ಮುಖ ಊದಿಕೊಂಡಿತ್ತು.

"ನನ್ಗೆ ಅಂತ ಕೊಟ್ಟಿದ್ದನ್ನ ಬ್ಯಾಡ ಅನ್ನಕ್ಕೆ ನೀವ್ಯಾರಣ್ಣ?" ಎಂದು ಕೇಳಿದ.

"ಓಟ್ಲು ನನ್ದು ಕಣ್ಲಾ."

"ಓಟ್ಲು ನಿಮ್ದು. ಕೈ ನನ್ದು."

ಮುಂದಿನ ಸೋಮವಾರದಿಂದ ಊಟಿ ರಸ್ತೆಯ ಹೋಟೆಲಿಗೆ ಹೋಗುವುದಾಗಿ ಹೇಳಿಬಿಟ್ಟ. ಅಷ್ಟರಲ್ಲಿ ಈ ಟಿಕೆಟ್ಟು ಬಂತು. ಒಮ್ಮೆ ದುಬೈಗೆ ಹೋಗುತ್ತೇನೆಂದು ಹೊರಟು ಅವನು ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದ, ಹೋಗಿರಲಿಲ್ಲ, ಅಷ್ಟೇ. ಸೋಮವಾರವನ್ನು ಒಂದು ವಾರ ಮುಂದಕ್ಕೆ ಹಾಕಿ, "ಪಾಸ್‌ಪೋರ್ಟು ಸುಮ್ನೆ ಬಿದ್ದದಲ್ಲ, ಅದ್ಕೊಂದು ಸೀಲಾದ್ರೂ ಬೀಳ್ಲಿ" ಎಂದು ಹೊರಟ. ಸೀಲು ಅವನಿಗೆ, ಸಿದ್ದರಾಜು ನನಗೆ. ಇದು ನನ್ನ ಲೆಕ್ಕಾಚಾರ.

ಸೈಗಾನ್, ಮೊದಲ ಬೆಳಿಗ್ಗೆ

ನಮ್ಮ ಗುಂಪಿನಲ್ಲಿ ಇದ್ದವರೆಲ್ಲ ಹೋಟೆಲ್ ಮಾಲೀಕರೇ. ಬಡಿಸುವವರ ಕಷ್ಟ ಬಲ್ಲವರು, ಸಭ್ಯವಾಗಿ ನಡೆದುಕೊಳ್ಳುತ್ತಾರೆ ಎಂದು ನೀವು ತಿಳಿದರೆ ತಪ್ಪು. ಎಲ್ಲರೂ ಗಲ್ಲಾದಲ್ಲಿ ಕೂತು ಅಭ್ಯಾಸವಾದವರು. ಇಳಿದುಕೊಂಡಿದ್ದ ಹೋಟೆಲಿನಲ್ಲಿ ತಿಂಡಿಗೆ ಕೂತಾಗ ಒಬ್ಬ ಮಹಾನುಭಾವರು ಬಡಿಸುವ ಹುಡುಗಿಯನ್ನು ಕರೆಯಲು ಚಿಟಿಕೆ ಹೊಡೆದರು. ಅವಳು ಇವರ ಬೆರಳನ್ನೇ ನೋಡಿದಳು. ಇನ್ನೊಮ್ಮೆ ಹೊಡೆದರು. ಅವಳು ಇವರು ಯಾವುದೋ ಹಾಡಿಗೆ ತಾಳ ಹಾಕುತ್ತಿದ್ದಾರೆಂದು ತಿಳಿದು, ತಾನೂ ತಲೆ ತೂಗಿ ನಕ್ಕು ಹೋದಳು. ಕಾಫಿ ಬರಲಿಲ್ಲ. ಅವರು ನಾಲ್ಕು ದಿನವೂ ತಾಳ ಹಾಕುತ್ತಲೇ ಇದ್ದರು.

ಸಿದ್ದರಾಜುವಿನ ಕಷ್ಟ ಬೇರೆ. ಅವನಿಗೆ ಕೂತು ತಿನ್ನಲು ಬರುವುದಿಲ್ಲ. ನಿಂತು, ಗೋಡೆಗೆ ಒರಗಿ, ಕಣ್ಣನ್ನು ಟೇಬಲುಗಳ ಮೇಲಿಟ್ಟು ತಿಂದೇ ಅಭ್ಯಾಸ. ಅಲ್ಲಿ ಕೂರಿಸಿದೆ. ಹುಡುಗಿ ಖಾಲಿ ತಟ್ಟೆ ತೆಗೆಯಲು ಬಂದರೆ ಇವನು ತಟ್ಟೆ ಹಿಡಿದುಕೊಂಡ. "ಬುಡವ್ವ, ನಾನೇ ತಕ್ಕೊಂಡೋಯ್ತೀನಿ." ಅವಳು ಎಳೆದಳು, ಇವನು ಎಳೆದ. ಇನ್ನೂ ತಿನ್ನುವುದಿದೆ ಎಂದುಕೊಂಡು ಅವಳು ತಟ್ಟೆ ಬಿಟ್ಟು, ಇನ್ನಷ್ಟು ಹಣ್ಣು ತಂದು ಹಾಕಿದಳು. ಹಾಕಿದ್ದನ್ನು ಬಿಡುವ ಜಾತಿಯಲ್ಲ ನಾವು. ಮಠದ ದಾಸೋಹದಲ್ಲಿ ಉಂಡು ಬೆಳೆದವರು. ತಿಂದ. ಅವಳು ಮತ್ತೆ ಬಂದಳು, ಇವನು ಮತ್ತೆ ತಟ್ಟೆ ಹಿಡಿದ. ಹೀಗೆ ಅವನು ಎಷ್ಟು ಸಲ ಹಣ್ಣು ತಿಂದನೋ, ಲಿಫ್ಟಿನಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದ.

ಆಮೇಲೆ ಬೀದಿಗೆ ಹೋಗಿ ಕಾಫಿಗೆ ಕೂತೆವು. ಅಭ್ಯಾಸಬಲದಿಂದ "ಬೈಟು" ಎಂದೆ. ಒಂದು ಬೆರಳು ತೋರಿಸಿ, ಎರಡು ಬೆರಳು ತೋರಿಸಿ, ಕೈಯಿಂದ ಗಾಳಿಯನ್ನು ಅರ್ಧಕ್ಕೆ ಸೀಳಿ ತೋರಿಸಿದೆ. ಅಂಗಡಿಯವರು ಬಹಳ ಯೋಚನೆ ಮಾಡಿ, ಒಂದು ಕಾಫಿ, ಎರಡು ಐಸ್ ನೀರು, ಒಂದು ಚಾಕು ತಂದಿಟ್ಟರು. ಅಲ್ಲಿಯ ಕಾಫಿ ಲೋಟದ ಮೇಲೆ ಕೂತ ಸಣ್ಣ ಡಬ್ಬಿಯಿಂದ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅದು ಇಳಿದು ಮುಗಿಯುವುದರೊಳಗೆ ನಮ್ಮ ಹೋಟೆಲಿನಲ್ಲಿ ಒಂದು ಬಸ್ಸಿನ ಜನ ಕುಡಿದು ಎದ್ದು ಹೋಗಿರುತ್ತಾರೆ.

ಟೂರಿನ ಮ್ಯಾನೇಜರು ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದರು: ಈ ದೇಶದ ಸಣ್ಣ ಹೋಟೆಲುಗಳಲ್ಲಿ ಟಿಪ್ಸು ಕೊಡುವ ರೂಢಿ ಇಲ್ಲ. ಆಗ ನಾನು ಸಿದ್ದರಾಜುವಿನ ಕಡೆ ನೋಡಿದ್ದೆ. ಅವನು ಕಿಟಕಿಯ ಕಡೆ ನೋಡಿದ್ದ.

ಚಾಯ್ ಅಂಗಡಿ

ಎರಡನೆಯ ದಿನಕ್ಕೆ ನಮಗೆ ಊಟ ಸಾಕಾಗಿತ್ತು. ಎಲ್ಲಿ ಹೋದರೂ ಮೊಟ್ಟೆ, ಮೀನಿನ ವಾಸನೆ. ಇಬ್ಬರೂ ಶಿವನ ಒಕ್ಕಲು. ಮೊಟ್ಟೆಯ ಬಾಂಡ್ಲಿಯಲ್ಲಿ ಹುರಿದ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ಒಳ್ಳೆ ಟೀಯಾದರೂ ಸಿಗಲಿ ಎಂದು ಗಲ್ಲಿಗಳಲ್ಲಿ ಅಲೆಯುತ್ತಿದ್ದಾಗ ಸಿದ್ದರಾಜು ಹಳದಿ ಬೋರ್ಡೊಂದರ ಮುಂದೆ ನಿಂತ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ಲಾಟರಿ ಹೊಡೆದವನ ಹಾಗೆ ಕೂಗಿದ. "ಅಣ್ಣೋ! ಚಾಯ್ ಅಂತ ಅದೆ ಕಣಣ್ಣೋ!"

ಒಳಗೆ ಹೋದೆವು. ಮಕ್ಕಳು ಕೂರುವಂಥ ಪ್ಲಾಸ್ಟಿಕ್ ಸ್ಟೂಲು. ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಅಂಗಡಿ ನಡೆಸುವ ಹೆಂಗಸು ಬಂದಳು. ನಲವತ್ತು ದಾಟಿದ ವಯಸ್ಸು, ತಲೆಗೂದಲನ್ನು ಮೇಲಕ್ಕೆ ಕಟ್ಟಿದ್ದಳು. ಹೆಸರು ಲಾನ್ ಎಂದು ಆಮೇಲೆ ತಿಳಿಯಿತು. "ಚಾಯ್" ಎಂದು ಎರಡು ಬೆರಳು ತೋರಿಸಿದೆ. "ಚಾಯ್, ಚಾಯ್" ಎಂದು ಸಂತೋಷದಿಂದ ತಲೆಯಾಡಿಸಿ ಒಳಗೆ ಹೋಗಿ, ಎರಡು ತಟ್ಟೆ ತುಂಬ ಅನ್ನ, ಸೊಪ್ಪಿನ ಪಲ್ಯ, ಬಿಸಿ ಸಾರು ತಂದಿಟ್ಟಳು. ಅನ್ನದ ಮೇಲೆ ಒಂದು ಮೀನು ಮಲಗಿತ್ತು.

ಸಿದ್ದರಾಜು ಸ್ಟೂಲಿನಿಂದ ಎದ್ದೇಬಿಟ್ಟ. ಲಾನ್ ಕೈ ಅಡ್ಡಾಡಿಸಿ, ತನ್ನ ಫೋನು ತೆಗೆದು ಅದರೊಳಗೆ ಮಾತಾಡಿದಳು. ಫೋನು ಒಂದು ಕ್ಷಣ ಸುಮ್ಮನಿದ್ದು, ಅಚ್ಚ ಪುಸ್ತಕದ ಕನ್ನಡದಲ್ಲಿ ನುಡಿಯಿತು: "ದಯವಿಟ್ಟು ಭಯಪಡಬೇಡಿ. ಇದು ಅಸತ್ಯವಾದ ಮೀನು."

ನಾವು ಮುಖ ಮುಖ ನೋಡಿಕೊಂಡೆವು. ಆ ಊರಿನಲ್ಲಿ ಕನ್ನಡ ಕೇಳಿದ್ದಕ್ಕೆ ಸಂತೋಷಪಡಬೇಕೋ, ಮೀನಿಗೆ ಹೆದರಬೇಕೋ ತಿಳಿಯಲಿಲ್ಲ. ಫೋನಿನ ಜೊತೆ ಇನ್ನಷ್ಟು ಹೆಣಗಾಡಿದ ಮೇಲೆ ಗೊತ್ತಾಯಿತು: ಅವರ ಭಾಷೆಯಲ್ಲಿ ಚಾಯ್ ಎಂದರೆ ಸಸ್ಯಾಹಾರ! ಬುದ್ಧನ ವ್ರತ ಹಿಡಿದವರು ತಿನ್ನುವ ಊಟ. ಆ ಮೀನು ಸೋಯಾ ಹಿಟ್ಟಿನಲ್ಲಿ ಮಾಡಿದ್ದು. ಟೀ ಕೇಳಿ ಬಂದವರಿಗೆ ಅನ್ನ ಸಿಕ್ಕಿತ್ತು. ಇಬ್ಬರೂ ತಲೆ ಎತ್ತದೆ ಉಂಡೆವು. ಅಸತ್ಯವಾದ ಮೀನನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸಿದ್ದೆವು; ಹಾಕಿದ್ದನ್ನು ಬಿಡಬಾರದೆಂದು ಕೊನೆಗೆ ಸಿದ್ದರಾಜು ಕಣ್ಣು ಮುಚ್ಚಿ ಎರಡನ್ನೂ ತಿಂದ. "ಎಂಗದೆ?" ಎಂದೆ. "ಸುಳ್ಳು ಏಳ್ಬಾರ್ದು, ಚೆನ್ನಾಗದೆ" ಎಂದ.

ರಗಳೆಯಾದದ್ದು ಆಮೇಲೆ. ಪಕ್ಕದ ಟೇಬಲಿಗೆ ಇಸ್ತ್ರಿ ಶರ್ಟಿನ ಆಫೀಸಿನವನೊಬ್ಬ ಬಂದು ಕೂತ. ಮೊದಲು ಚಮಚ, ಅವರು ಊಟಕ್ಕೆ ಬಳಸುವ ಕಡ್ಡಿಗಳನ್ನು ಕಾಗದದಿಂದ ತಿಕ್ಕಿ ತಿಕ್ಕಿ ಒರೆಸಿದ. ನನ್ನ ಹೋಟೆಲಿನಲ್ಲಿ ಯಾರಾದರೂ ಹಾಗೆ ಒರೆಸಿದರೆ, ಇಷ್ಟವಿಲ್ಲದಿದ್ದರೆ ಎದ್ದು ಹೋಗಿ ಸ್ವಾಮಿ ಅನ್ನುತ್ತಿದ್ದೆ. ಆದರೂ ಸಹಿಸಿಕೊಂಡೆ. ಅಷ್ಟರಲ್ಲಿ ಅವನು ಒಳಗಿದ್ದ ಲಾನ್ ಕಡೆಗೆ ತಿರುಗಿ ಗಟ್ಟಿಯಾಗಿ ಕರೆದ:

"ಚೀ ಓಯ್!"

ನನ್ನ ಕಿವಿ ಕಾದುಹೋಯಿತು. ನಮ್ಮ ಕಡೆ ಛೀ ಎಂದರೆ ನಾಯಿಯೂ ಬೇಜಾರಾಗಿ ಎದ್ದು ಹೋಗುತ್ತದೆ. ಓಯ್ ಎಂದರೆ ಎಮ್ಮೆ ಕಾಯುವವನು ಕೂಗುವ ಕೂಗು. ಎರಡನ್ನೂ ಸೇರಿಸಿ, ಬಿಸಿ ಅನ್ನ ಹಾಕುವ ಹೆಂಗಸನ್ನು ಕರೆಯುವುದೇ? ಆ ಕಡೆಯ ಟೇಬಲಿನಿಂದ ಇಬ್ಬರು ಹುಡುಗಿಯರೂ ಕರೆದರು: "ಚೀ ಓಯ್!" ಲಾನ್ ನಗುನಗುತ್ತಲೇ ಓಡಾಡುತ್ತಿದ್ದಳು. ಪಾಪ, ಎಷ್ಟು ದಿನದಿಂದ ಸಹಿಸಿಕೊಂಡಿದ್ದಾಳೋ!

ನಾನು ಎದ್ದೆ. "ಬ್ಯಾಡ ಕಣಣ್ಣ, ಪರದೇಸ" ಎಂದು ಸಿದ್ದರಾಜು ಅಂಗಿ ಹಿಡಿದೆಳೆದ. ಬಿಡಿಸಿಕೊಂಡು ಆಫೀಸಿನವನ ಎದುರು ನಿಂತು ಅಚ್ಚ ಕನ್ನಡದಲ್ಲಿ ಕೇಳಿದೆ. "ಏನಯ್ಯಾ? ಅಕ್ಕನ ವಯಸ್ಸಿನವ್ಳು. ಛೀ ಅಂತೀಯಲ್ಲ, ಮನೇಲಿ ಇಂಗೇ ಕರೀತೀಯಾ?"

ಅವನು ತಟ್ಟನೆ ಎದ್ದು ನಿಂತು ನನ್ನ ಕೈ ಕುಲುಕಿದ. "ಹಲೋ! ಇಂಡಿಯಾ!" ಎಂದು ತನ್ನ ಪಕ್ಕಕ್ಕೆ ಒಂದು ಸ್ಟೂಲು ಎಳೆದುಕೊಟ್ಟ. ಬೈಯಲು ಬಂದವನಿಗೆ ಕುರ್ಚಿ ಕೊಟ್ಟರೆ ಬೈಯುವುದು ಹೇಗೆ? ಕೂತೆ. ಕೂತು ಮತ್ತೆ ಬೈದೆ. ಅವನು ತಲೆಯಾಡಿಸುತ್ತ ನನಗೆ ಐಸ್ ಟೀ ಬಗ್ಗಿಸಿದ.

ಕೊನೆಗೆ ಲಾನ್ ಫೋನು ಹಿಡಿದು ಬಂದಳು. ನಾನು ಅದಕ್ಕೆ ಹೇಳಿದೆ: ಹೆಣ್ಣುಮಗಳನ್ನು ಛೀ ಎಂದು ಕರೆಯಬಾರದು. ಫೋನು ಅದನ್ನು ಏನೆಂದು ಹೇಳಿತೋ, ಅಂಗಡಿಯೆಲ್ಲ ಗಲಿಬಿಲಿಯಾಯಿತು. ಆಮೇಲೆ ಲಾನ್‌ಗೆ ಹೊಳೆಯಿತು. ಅವಳು ನಗಲು ಶುರು ಮಾಡಿದವಳು ಸೌಟು ಕೆಳಗಿಟ್ಟು ಕೂತೇ ನಕ್ಕಳು. ಫೋನು ಹೇಳಿತು: "ಚೀ ಎಂದರೆ ಅಕ್ಕ. ಓಯ್ ಎಂದರೆ ಪ್ರೀತಿಯಿಂದ ಕರೆಯುವುದು. ಈತ ನನ್ನನ್ನು ಅಕ್ಕಾ ಎಂದು ಕರೆದಿದ್ದಾನೆ. ದಯವಿಟ್ಟು ಈತನನ್ನು ಹೊಡೆಯಬೇಡಿ."

ಅಕ್ಕೋಯ್! ಅಷ್ಟೇ. ನಮ್ಮೂರ ಬೀದಿಯಲ್ಲಿ ಕೂಗುವ ಅಕ್ಕೋಯ್. ಬಡಿಸುವವನು ಗಂಡಸಾದರೆ ಆನ್ ಓಯ್ ಎನ್ನುತ್ತಾರಂತೆ, ಅದು ನಮಗೆ ಅಣ್ಣೋಯ್ ಎಂದೇ ಕೇಳಿಸಿತು. ಚಿಕ್ಕವರಿಗೆ ಒಂದು, ಚಿಕ್ಕಮ್ಮನ ವಯಸ್ಸಿನವರಿಗೆ ಒಂದು. ಆ ದೇಶದಲ್ಲಿ ಒಂದು ತಟ್ಟೆ ಅನ್ನ ತರಿಸಬೇಕಾದರೆ ಮೊದಲು ಸಂಬಂಧ ಗೊತ್ತು ಮಾಡಿಕೊಳ್ಳಬೇಕು.

ಲಾನ್ ಫೋನಿನ ಮೂಲಕ ನಮ್ಮನ್ನು ಕೇಳಿದಳು. "ನಿಮ್ಮ ದೇಶದಲ್ಲಿ ಆಹಾರ ತರುವವರನ್ನು ಏನೆಂದು ಕರೆಯುತ್ತೀರಿ?"

ಸಿದ್ದರಾಜು ನನ್ನ ಕಡೆ ತಿರುಗಿ ಕೈ ಕಟ್ಟಿಕೊಂಡ. "ಏಳಿ ಅಣ್ಣ. ಏನಂತ ಕರೀತೀರಿ ನನ್ನ?"

"ಅಣ್ಣ ಅಂತಾರೆ ಅಂತ ಏಳ್ಲಾ."

"ಗಿರಾಕಿಗಳ್ದು ಬುಡಿ. ನೀವು?"

"ಸುಮ್ಕಿರು" ಎಂದೆ. ಅವನು ಫೋನಿಗೆ ಬಾಯಿ ಹಚ್ಚಿ ಪಿಸುಪಿಸು ಏನೋ ಹೇಳಿದ. ಅದನ್ನು ಕೇಳಿ ಲಾನ್, ಆಫೀಸಿನವನು, ಆ ಇಬ್ಬರು ಹುಡುಗಿಯರು ಎಲ್ಲ ನನ್ನನ್ನೇ ನೋಡಿ ನಕ್ಕರು. ಅವನು ಏನು ಹೇಳಿದನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಹೊರಡುವಾಗ ಸಿದ್ದರಾಜು ನನಗೆ ಕಾಣದ ಹಾಗೆ ಟೇಬಲಿನ ಮೇಲೆ ಒಂದು ನೋಟು ಬಿಟ್ಟಿದ್ದ. ಗಲ್ಲಿಯ ತಿರುವಿನವರೆಗೂ ಓಡಿಬಂದು ಲಾನ್ ಅದನ್ನು ಅವನ ಕೈಗೆ ತುರುಕಿ ಹೋದಳು. ನನಗೆ ಖುಷಿಯೋ ಖುಷಿ. "ನೋಡ್ದಾ? ಬೋರ್ಡೇ ಇಲ್ದೆ ಬ್ಯಾಡ ಅಂದ್ಳು."

"ಟೇಬಲ್ ಮ್ಯಾಲೆ ಬುಟ್ಟು ಬಂದೆ, ಮರ್ತೋಗವ್ನೆ ಅನ್ಕಂಡವ್ಳೆ. ಬುಟ್ಟು ಬರೋದೇ ಬೇರೆ, ಕೈಗೆ ಕೊಡೋದೇ ಬೇರೆ" ಎಂದು ಅವನು ನೋಟು ಮಡಚಿ ಜೇಬಿಗಿಟ್ಟುಕೊಂಡ.

ಹುಣ್ಣಿಮೆ

ಮಾರನೆಯ ದಿನ ಗುಂಪಿನವರು ದೋಣಿಯಲ್ಲಿ ಹೊಳೆ ನೋಡಲು ಹೊರಟರು. ಎರಡು ಹೊಳೆ ಕೂಡುವ ಊರಿನವನಿಗೆ ಹೊಳೆ ತೋರಿಸಲು ಅಷ್ಟು ದೂರ ಕರೆದೊಯ್ಯಬೇಕೇ? ನಾವಿಬ್ಬರೂ ತಪ್ಪಿಸಿಕೊಂಡು ಮತ್ತೆ ಚಾಯ್ ಅಂಗಡಿಗೆ ಹೋದೆವು.

ಅಂದು ಹುಣ್ಣಿಮೆ. ಹುಣ್ಣಿಮೆಗೆ ಅಲ್ಲಿಯ ಜನ ಮಾಂಸ ಮುಟ್ಟುವುದಿಲ್ಲವಂತೆ. ನಮ್ಮಲ್ಲಿ ಸೋಮವಾರ ಇದ್ದ ಹಾಗೆ. ಗಲ್ಲಿಯ ಉದ್ದಕ್ಕೂ ಸ್ಟೂಲು ಹಾಕಿ ಜನ ಕೂತಿದ್ದರು. ಲಾನ್ ಒಬ್ಬಳೇ ಬಡಿಸುತ್ತಿದ್ದಳು, ಒಲೆಯ ಹತ್ತಿರ ಅವಳ ಗಂಡ. ಎಲ್ಲ ಕಡೆಯಿಂದ ಚೀ ಓಯ್, ಚೀ ಓಯ್. ನನಗೆ ಒಂದು ಸ್ಟೂಲು ಸಿಕ್ಕಿತು. ಸಿದ್ದರಾಜು ನಿಂತೇ ಇದ್ದ. ಅವನ ಕಣ್ಣು ಟೇಬಲಿನಿಂದ ಟೇಬಲಿಗೆ ಓಡುತ್ತಿತ್ತು.

"ಆ ಮೂಲೆ ಟೇಬ್ಲು ಆಗ್ಲಿಂದ ಕಾಯ್ತಾ ಕುಂತದೆ" ಎಂದ.

"ನಿನ್ಗ್ಯಾಕ್ಲಾ? ಕುಂತ್ಕೊ."

"ಸಾರು ಆರೋಯ್ತದೆ ಕಣಣ್ಣ."

ಅಷ್ಟು ಹೇಳಿ ಹೋಗಿಯೇಬಿಟ್ಟ. ಒಲೆಯ ಹತ್ತಿರ ಸಾಲಾಗಿ ಇಟ್ಟಿದ್ದ ತಟ್ಟೆಗಳನ್ನು ಎಡ ಮುಂಗೈ ಮೇಲೆ ಮೊಣಕೈವರೆಗೆ ಜೋಡಿಸಿಕೊಂಡ. ಲಾನ್‌ಳ ಗಂಡ ಸೌಟು ಹಿಡಿದವನು ಹಾಗೇ ನಿಂತ. ಲಾನ್ ಬೇಡ ಬೇಡ ಎಂದು ಓಡಿಬರುವಷ್ಟರಲ್ಲಿ ಮೂಲೆಯ ಟೇಬಲಿಗೆ ತಟ್ಟೆ ಹೋಗಿತ್ತು. ಭಾಷೆ ಬಾರದವನು, ಯಾರಿಗೆ ಏನು ಬೇಕೆಂದು ಅವರ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದ. ಆಮೇಲಾಮೇಲೆ ಜನವೂ ಅವನನ್ನೇ ಕರೆಯಲು ಶುರು ಮಾಡಿದರು: "ಆನ್ ಓಯ್!" ಅವನು, "ಬಂದೇ ಕಣ್ರೀ!" ಎಂದು ನರಸೀಪುರದ ದನಿಯಲ್ಲೇ ಓಗೊಡುತ್ತಿದ್ದ.

ನಾನು ಅವನನ್ನು ಇಷ್ಟು ವರ್ಷ ಗಲ್ಲಾದಿಂದ ನೋಡಿದ್ದೆ. ಗಲ್ಲಾದಿಂದ ಸಪ್ಲಯರಿನ ಬೆನ್ನು ಕಾಣುತ್ತದೆ. ಬೇಗ ಹೋದನೇ, ನಿಧಾನವಾದನೇ, ಬಿಲ್ಲು ತಂದನೇ, ಅಷ್ಟೇ. ಅಂದು ಸ್ಟೂಲಿನ ಮೇಲೆ ಕೂತು ಮೊದಲ ಸಲ ಅವನ ಮುಖ ನೋಡಿದೆ. ತಟ್ಟೆ ಇಡುವಾಗ ಒಂದು ಸಲ ಬಗ್ಗುತ್ತಾನೆ. ಆ ಬಗ್ಗುವುದರಲ್ಲಿ, ಬನ್ನಿ, ನಿಮಗೇ ಕಾಯುತ್ತಿದ್ದೆ ಅನ್ನುವಂಥದ್ದೇನೋ ಇತ್ತು.

ಗೋಡೆಯ ಪಕ್ಕ ಒಂದು ಅಜ್ಜಿ ಕೂತಿತ್ತು. ಕೈ ನಡುಗುತ್ತಿತ್ತು. ಕಡ್ಡಿಯಲ್ಲಿ ತಿನ್ನಲಾಗದೆ ಅನ್ನ ಚೆಲ್ಲಿಕೊಳ್ಳುತ್ತಿತ್ತು. ಸಿದ್ದರಾಜು ಕೇಳದೆಯೇ ಒಂದು ಬಟ್ಟಲಿಗೆ ಅನ್ನ ಹಾಕಿ, ಮೇಲೆ ಬಿಸಿ ಸಾರು ಬಿಟ್ಟು, ಚಮಚದಲ್ಲಿ ಮೆತ್ತಗೆ ಕಲಸಿ ಮುಂದಿಟ್ಟ. ಚೆಲ್ಲಿದ್ದನ್ನು ಸದ್ದಿಲ್ಲದೆ ಒರೆಸಿ ಮುಂದೆ ಹೋದ. ಅಜ್ಜಿ ನಿಧಾನವಾಗಿ ಉಂಡು ಮುಗಿಸಿ, ಗೋಡೆ ಹಿಡಿದು ಎದ್ದು, ಸೊಂಟದ ಚೀಲದಿಂದ ಮಡಚಿದ ಒಂದು ನೋಟು ತೆಗೆದು, ಎರಡೂ ಕೈಯಲ್ಲಿ ಅವನ ಮುಂದೆ ಹಿಡಿಯಿತು.

ಸಿದ್ದರಾಜು ಕೈ ಚಾಚಲಿಲ್ಲ. ಆ ಗದ್ದಲದ ಮೇಲಿಂದ ನನ್ನನ್ನು ಕೂಗಿ ಕೇಳಿದ. "ಏನಣ್ಣ? ಇದ್ನೂ ವಾಪಸ್ ಕೊಡುಸ್ತೀರಾ?"

ಮಾತು ಅರ್ಥವಾಗದಿದ್ದರೂ ಎಲ್ಲರೂ ನನ್ನ ಕಡೆ ತಿರುಗಿದರು. ಅಜ್ಜಿ ನೋಟು ಹಿಡಿದೇ ನಿಂತಿತ್ತು. ಏನೋ ಹೇಳುತ್ತಲೂ ಇತ್ತು. ಲಾನ್ ತನ್ನ ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು. ಫೋನು ಹೇಳಿತು: "ದೂರದಿಂದ ಬಂದಿದ್ದೀಯ ಮಗು. ದಾರಿಯಲ್ಲಿ ಏನಾದರೂ ಕೊಂಡು ತಿನ್ನು."

ಅದನ್ನು ಕೇಳಿ ನನಗೆ ನಮ್ಮ ಸೋದರತ್ತೆ ನೆನಪಾದಳು. ರಜೆ ಮುಗಿಸಿ ಹೊರಟಾಗ ಬಸ್ಸಿನ ತನಕ ಬಂದು, ಸೆರಗಿನ ಗಂಟು ಬಿಚ್ಚಿ, ಬೇಡ ಬೇಡ ಎಂದರೂ ಕೈಗೆ ಕಾಸು ತುರುಕಿ, ಬಸ್ಸಲ್ಲಿ ಕಡಲೆಕಾಯಿ ತಿನ್ನು ಎನ್ನುತ್ತಿದ್ದಳು. ಅದನ್ನು ನಾವು ಯಾರೂ ಭಿಕ್ಷೆ ಎನ್ನಲಿಲ್ಲ. ಅದಕ್ಕೆ ಹೆಸರೇ ಇರಲಿಲ್ಲ. ಬೇಡ ಅನ್ನುವಾಗಲೂ ಅಂಗೈ ಬಿಚ್ಚೇ ಇರುತ್ತಿತ್ತು.

"ತಕ್ಕೊಳ್ಳೋ" ಎಂದೆ. "ದೊಡ್ಡವ್ರು ಕೊಟ್ರೆ ಬ್ಯಾಡ ಅನ್ಬಾರ್ದು."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಅಜ್ಜಿ ಅವನ ಕೆನ್ನೆ ತಟ್ಟಿ ಹೋಯಿತು.

ರೂಮಿಗೆ ನಡೆದು ಬರುವಾಗ ತಾನಾಗಿಯೇ ಹೇಳಿದ. "ಆ ಮೇಷ್ಟ್ರು ಎಂಡ್ರಿಗೂ ಇಂಗೇ ಕೈ ನಡ್ಕ ಕಣಣ್ಣ. ಮುದ್ದೆ ಮುರ್ಯಕ್ಕಾಗ್ತಿರ್ಲಿಲ್ಲ. ಸಣ್ಣ ಸಣ್ಣಕ್ಕೆ ಮುರ್ದು ಸಾರಲ್ಲಿ ಅದ್ದಿ ಕೊಟ್ಟಿದ್ದೆ. ನೀವು ವಾಪಸ್ ಕೊಡು ಅಂತ ಕೂಗ್ದಾಗ, ಆಯಮ್ಮ ತಲೆ ತಗ್ಗುಸ್ಬುಡ್ತು. ನನ್ಗೆ ಆದ ಅವ್ಮಾನ ಇರ್ಲಿ ಬುಡಿ."

"ನೀನು ಮುದ್ದೆ ಮುರ್ದು ಕೊಟ್ಟಿದ್ದು ನನ್ಗೆ ಕಾಣ್ನಿಲ್ಲ ಸಿದ್ದರಾಜು. ಕಂಬ ಅಡ್ಡ."

"ಗೊತ್ತು. ಗಲ್ಲಾದಿಂದ ಆ ಟೇಬ್ಲು ಕಾಣಲ್ಲ" ಎಂದ. ಹೋಟೆಲಿನಲ್ಲಿ ಉಳಿಯುತ್ತೀಯಾ ಎಂದು ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಅಜ್ಜಿಯ ನೋಟನ್ನು ನೆಪ ಮಾಡಿಕೊಂಡು ಚೌಕಾಸಿಗೆ ಇಳಿದ ಹಾಗಾಗುತ್ತಿತ್ತು.

ಮೈಸೂರು ಬಸ್ ಸ್ಟ್ಯಾಂಡು

ಶನಿವಾರ ವಾಪಸ್ಸು ಬಂದಿಳಿದೆವು. ಮೈಸೂರಿನಲ್ಲಿ ನನ್ನ ಬಸ್ಸು ಒಂದು ಕಡೆ, ನಂಜನಗೂಡಿನ ಬಸ್ಸು ಇನ್ನೊಂದು ಕಡೆ. ಅವನು ಮನೆಗೆ ಹೋಗಬೇಕಿತ್ತು. ಬ್ಯಾಗು ಹೆಗಲಿಗೇರಿಸಿ ಫುಟ್‌ಬೋರ್ಡಿನ ಮೇಲೆ ನಿಂತು, "ಬತ್ತೀನಣ್ಣ" ಎಂದ. ಬಸ್ಸು ಹೊರಟಿತು.

ಈ 'ಬತ್ತೀನಿ' ಎಂಥ ಮಾತು ನೋಡಿ. ಮನೆಯಿಂದ ಹೊರಗೆ ಕಾಲಿಡುವಾಗಲೂ ಬತ್ತೀನಿ, ಊರು ಬಿಟ್ಟು ಹೋಗುವಾಗಲೂ ಬತ್ತೀನಿ. ನಮ್ಮಲ್ಲಿ 'ಹೋಗುತ್ತೇನೆ' ಎಂದು ಬಾಯಿಬಿಟ್ಟು ಯಾರು ಹೇಳುತ್ತಾರೆ? ನರಸೀಪುರ ತಲುಪುವವರೆಗೂ ಅದನ್ನೇ ಬಾಯಲ್ಲಿ ಹೊರಳಿಸಿದೆ. ಮನೆಗೆ ಬಂದು ರತ್ನಮ್ಮನಿಗೆ ಹೇಳಿದರೆ ಅವಳು ಕೇಳಿದಳು. "ಬತ್ತೀನಿ ಅಂದ್ನಾ, ಸೋಮವಾರ ಬತ್ತೀನಿ ಅಂದ್ನಾ?"

"ಬರೀ ಬತ್ತೀನಿ."

"ಅಂಗಾದ್ರೆ ನೀವೇ ಟವಲ್ ಎಗಲಿಗೆ ಆಕ್ಕೊಳ್ಳಿ."

ಭಾನುವಾರ ನಮ್ಮ ಹೋಟೆಲಿಗೆ ರಜೆ. ಪೇಂಟರನ್ನು ಕರೆಸಿದೆ. ಸಿದ್ದರಾಜು ಬರುತ್ತಾನೋ ಇಲ್ಲವೋ, ಗೋಡೆಯ ಮೇಲಿನ ಮಾತನ್ನು ನಾನು ಇನ್ನು ನಂಬುತ್ತಿರಲಿಲ್ಲ. ನಂಬದ ಮಾತನ್ನು ನನ್ನ ಗೋಡೆಯ ಮೇಲೆ ಇಟ್ಟುಕೊಳ್ಳುವವನು ನಾನಲ್ಲ. ಆದರೆ ಸಾಂಬಾರಿನಲ್ಲಿ ಬಿದ್ದ ನಾಣ್ಯದ ವಿಷಯದಲ್ಲಿ ಮಾತ್ರ ನಾನು ಅಂದಿಗೂ ಸರಿ, ಇಂದಿಗೂ ಸರಿ. ಯೋಚಿಸಿ ಹೊಸದಾಗಿ ಬರೆಸಿದೆ: 'ಟಿಪ್ಸು ತಟ್ಟೆಯಲ್ಲಿ ಬಿಡಬಾರದು. ಕೊಡುವವರು ಕೈಗೆ ಕೊಡತಕ್ಕದ್ದು.'

ಸೋಮವಾರ

ಇಡ್ಲಿಯ ಮೊದಲ ಒಬ್ಬೆ ಇಳಿದರೂ ಸಿದ್ದರಾಜು ಬರಲಿಲ್ಲ. ಮೈಸೂರು ಬಸ್ಸಿನ ಜನ ಬಂದು ಕೂತರು, ಬರಲಿಲ್ಲ. ರತ್ನಮ್ಮನನ್ನು ಗಲ್ಲಾದಲ್ಲಿ ಕೂರಿಸಿ ನಾನೇ ಟವಲ್ ಹಾಕಿಕೊಂಡೆ. ಒಂದು ಕಾಲದಲ್ಲಿ ಮೈಸೂರಿನಲ್ಲಿ ನನ್ನಂಥ ಸಪ್ಲಯರು ಇರಲಿಲ್ಲ. ಈಗ ಕೈಗೆ ಆ ಕೆಲಸ ಮರೆತುಹೋಗಿತ್ತು. ಇಡ್ಲಿ ಕೇಳಿದವರಿಗೆ ದೋಸೆ, ದೋಸೆ ಕೇಳಿದವರಿಗೆ ಬರೀ ಚಟ್ನಿ. ಯಾರೋ, "ಅಣ್ಣಾ, ಸಾಂಬಾರು" ಎಂದರೆ ಸಿದ್ದರಾಜುವನ್ನು ಕರೆಯುತ್ತಿದ್ದಾರೆಂದು ನಾನೂ ತಿರುಗಿ ನೋಡುತ್ತಿದ್ದೆ.

ದಿನಾ ಬರುವ ಬಸ್ ಕಂಡಕ್ಟರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನ್ ಸಾವ್ಕಾರ್ರೆ, ಪ್ರಮೋಷನ್ನಾ?"

"ಟ್ರಾನ್ಸ್‌ಫರ್ರು" ಎಂದೆ.

ಅವರು ತಿಂದು ಎದ್ದರು. ಕೈ ತೊಳೆದು ಬಂದು ಹೊಸ ಬೋರ್ಡನ್ನು ಗಟ್ಟಿಯಾಗಿ ಓದಿದರು. ಆಮೇಲೆ ಇಡೀ ಹೋಟೆಲಿಗೆ ಕಾಣುವ ಹಾಗೆ ಬ್ಯಾಗಿನಿಂದ ನೋಟೊಂದನ್ನು ತೆಗೆದು, ಟಿಕೆಟ್ ಹರಿದು ಕೊಡುವಷ್ಟೇ ಗಂಭೀರವಾಗಿ, "ತಕ್ಕಳಿ, ಕೈಗೇ ಕೊಟ್ಟಿದ್ದೀನಿ" ಎಂದು ನನ್ನ ಅಂಗೈ ಮೇಲಿಟ್ಟರು. ಜನ ನಕ್ಕರು. ನಾನು ನಗಲಿಲ್ಲ. ಆ ನೋಟು ಒಣಗಿತ್ತು, ಬೆಚ್ಚಗಿತ್ತು. ಹಾಗೇ ನೋಡುತ್ತ ನಿಂತುಬಿಟ್ಟೆ.

"ಅದು ಸಪ್ಲಯರ್ದು ಕಣಣ್ಣ. ಇತ್ಲಾಗ್ ಕೊಡಿ."

ಬಾಗಿಲಲ್ಲಿ ಸಿದ್ದರಾಜು. ಹೆಗಲ ಮೇಲೆ ಅದೇ ಬ್ಯಾಗು. ನಂಜನಗೂಡಿನ ಬಸ್ಸು ಕೆಟ್ಟು ನಿಂತಿತ್ತಂತೆ. ಒಂದು ಫೋನು ಮಾಡಬಾರದೇ ಎಂದರೆ, ವಿಯೆಟ್ನಾಮಿನ ಸಿಮ್ಮು ಇನ್ನೂ ತೆಗೆದಿರಲಿಲ್ಲವಂತೆ. ನನ್ನ ಕೈಯಿಂದ ನೋಟು ತೆಗೆದುಕೊಂಡ, ಹೆಗಲಿನಿಂದ ಟವಲ್ ಎಳೆದುಕೊಂಡ, ಗೋಡೆಯ ಮೇಲಿನ ಬೋರ್ಡು ಓದಿದ. ಟೇಬಲುಗಳ ಮೇಲೆ ಒಂದು ಸಲ ಕಣ್ಣು ಓಡಿಸಿ ಹಣೆ ಗಟ್ಟಿಸಿಕೊಂಡ.

"ಏನಣ್ಣ ಇದು, ಓಟ್ಲಾ, ಸಂತೆಯಾ? ಮೂಲೆ ಟೇಬ್ಲಿಗೆ ಸಾಂಬಾರೇ ಓಗಿಲ್ಲ!"

ಸಾಂಬಾರು ತರಲು ನಾನೇ ಒಳಗೆ ಓಡಿದೆ.